ಗಂಜಿ ತಿಂದ ಗುಬ್ಬಚ್ಚಿ

ಒಬ್ಬ ಅಜ್ಜ ಒಂದು ಗುಬ್ಬಚ್ಚಿ ಸಾಕಿದ್ದನಂತೆ. ಒಂದು ದಿನ ಅಜ್ಜಿ ಬಟ್ಟೆಗೆ ಹಾಕೋಕೆ ಅಂತ ಗಂಜಿ ಮಾಡಿಟ್ಟಿದ್ದಳಂತೆ. ಗುಬ್ಬಚ್ಚಿ ಬಂದು ಅದನ್ನೆಲ್ಲ ಕುಕ್ಕಿ ಕುಕ್ಕಿ ತಿಂದು ಮುಗಿಸಿತು. ಅಜ್ಜಿಗೆ ಸಿಟ್ಟು ನೆತ್ತಿಗೇರಿತು. ಕತ್ತರಿ ತಂದಳು, ಗುಬ್ಬಚ್ಚಿಯ ನಾಲಿಗೆ ಕತ್ತರಿಸಿ ಓಡಿಸಿಬಿಟ್ಟಳು.

ಇದು ಜಪಾನಿನ ಕಥೆ. ಅಲ್ಲಿನ ಮಕ್ಕಳಿಗೆಲ್ಲ ಗೊತ್ತಿರುವ ಕಥೆ. ನಾನು ಮೊದಲ ಸಲ ಓದಿದ್ದು ಇಂಗ್ಲಿಷಿನಲ್ಲಿ. ಅಲ್ಲಿ ಗುಬ್ಬಚ್ಚಿ ತಿಂದದ್ದು 'ಸ್ಟಾರ್ಚ್'. ಓದಿದಾಗ ಯಾವುದೋ ಬಿಳಿ ಪುಡಿಯ ಪ್ಯಾಕೆಟ್ ಕಣ್ಣಿಗೆ ಬಂತು, ಅಷ್ಟೇ. ಮುಂದಕ್ಕೆ ಹೋದೆ. ಆಮೇಲೆ ಯಾವತ್ತೋ ಒಂದು ಮಧ್ಯಾಹ್ನ, ಅನ್ನ ಬಸಿಯುತ್ತಿದ್ದಾಗ, ಥಟ್ ಅಂತ ಹೊಳೆಯಿತು: ಅಯ್ಯೋ, ಅದು ಗಂಜಿ! ನಮ್ಮಜ್ಜಿ ಹತ್ತಿ ಸೀರೆಗೆ ಹಾಕುತ್ತಿದ್ದ ಅದೇ ಅಕ್ಕಿ ಗಂಜಿ. ತಿಳಿ ಮಾಡಿ, ಬಟ್ಟೆಯಲ್ಲಿ ಸೋಸಿ, ಸೀರೆ ಅದ್ದಿ ಹಿಂಡಿ ಹಗ್ಗಕ್ಕೆ ಹಾಕಿದರೆ ಸಂಜೆಗೆ ಹಪ್ಪಳದ ಹಾಗೆ ಸೆಟೆದು ನಿಲ್ಲುತ್ತಿತ್ತು. ಸೋಸಿದ ಬಟ್ಟೆಯಲ್ಲಿ ಉಳಿದ ಅನ್ನದ ಗಷ್ಟಕ್ಕೆ ಕಾಗೆ, ಗುಬ್ಬಿ ಎಲ್ಲ ಬರುತ್ತಿದ್ದವು. ಅಜ್ಜಿ 'ಹುಶ್' ಅನ್ನುತ್ತಿದ್ದಳು, ಕೋಲು ಬೀಸುತ್ತಿದ್ದಳು. ಕತ್ತರಿ ಮಾತ್ರ ತರುತ್ತಿರಲಿಲ್ಲ.

ಆ ಒಂದು ಶಬ್ದ ಸಿಕ್ಕಿದ ಮೇಲೆ ಕಥೆ ನನ್ನದೇ ಹಿತ್ತಲಲ್ಲಿ ನಡೆದಂತೆ ಅನಿಸತೊಡಗಿತು. ಅಕ್ಕಿ ಬೆಳೆಯುವ, ಅಕ್ಕಿಯನ್ನೇ ಉಣ್ಣುವ, ಉಟ್ಟ ಬಟ್ಟೆಗೂ ಅಕ್ಕಿಯನ್ನೇ ಬಳಿಯುವ ಊರಿನ ಕಥೆ ಅದು. ಇಂಗ್ಲಿಷ್ ದಾಟಿ ಬರುವಾಗ ಆ ಅಕ್ಕಿ ಕಳೆದುಹೋಗಿತ್ತು.

ಈ ಜಪಾನ್ ಹುಚ್ಚು ಶುರುವಾಗಿದ್ದು ಇಷ್ಟು ಒಳ್ಳೆಯ ಕಾರಣಕ್ಕೇನಲ್ಲ. ಮಕ್ಕಳ ಕಥೆ ಬರೆಯಬೇಕು ಅಂತ ಕೂತಿದ್ದೆ, ತಲೆ ಖಾಲಿ. ಪಂಚತಂತ್ರ, ತೆನಾಲಿ ರಾಮ, ಬೀರಬಲ್ಲ, ಎಲ್ಲವನ್ನೂ ಎಲ್ಲರೂ ಹಿಂಡಿ ಆಗಿದೆ. ಕನ್ನಡದಲ್ಲಿ ಜಾಸ್ತಿ ಜನ ಓದಿರದ ಕಡೆಯಿಂದ ಐಡಿಯಾ ಎತ್ತೋಣ ಅಂತ ಹೊರಟೆ. ಹೌದು, ಎತ್ತೋಣ ಅಂತಲೇ. ಒಂದು ನೋಟ್‌ಬುಕ್ ತಂದು ಗೆರೆ ಹಾಕಿ ಅಂಕಣ ಮಾಡಿದೆ. ನಾಯಕ ಯಾರು, ಮಾಯದ ವಸ್ತು ಏನು, ತಿರುವು ಎಲ್ಲಿ, ನಮ್ಮೂರಿಗೆ ಹೇಗೆ ತರಬಹುದು. ಸುಮಾರು ನಲವತ್ತು ಕಥೆ ತುಂಬಿಸಿದೆ. ಅಕೌಂಟೆಂಟ್ ನೋಡಿದರೆ ಮೆಚ್ಚುವಷ್ಟು ಚೆಂದ ಇತ್ತು. ಅದರಿಂದ ಒಂದೇ ಒಂದು ಕಥೆ ಹುಟ್ಟಲಿಲ್ಲ.

ಹುಟ್ಟಿದ್ದು ಒಂದು. ಅದು ಸತ್ತ ಕಥೆಯನ್ನೂ ಹೇಳಿಬಿಡುತ್ತೇನೆ.

ಜಪಾನಿನಲ್ಲಿ 'ಕಾಸಾ ಜಿಜೊ' ಅಂತ ಒಂದು ಕಥೆ ಇದೆ. ಕಾಸಾ ಅಂದರೆ ಹುಲ್ಲಿನ ಟೋಪಿ. ಜಿಜೊ ಅಂದರೆ ದಾರಿ ಬದಿಯಲ್ಲಿ ನಿಲ್ಲಿಸಿರುವ ಪುಟ್ಟ ಕಲ್ಲಿನ ಮೂರ್ತಿ. ಪ್ರಯಾಣಿಕರನ್ನು, ಅದಕ್ಕಿಂತ ಹೆಚ್ಚಾಗಿ ತೀರಿಹೋದ ಮಕ್ಕಳನ್ನು ಕಾಯುವವನು. ಮೂಲದಲ್ಲಿ ಅವನು ನಮ್ಮ ಕಡೆಯವನೇ, ಸಂಸ್ಕೃತದಲ್ಲಿ ಕ್ಷಿತಿಗರ್ಭ ಎಂಬ ಬೋಧಿಸತ್ವ. ಅಲ್ಲಿ ಆರಾರು ಜಿಜೊಗಳು ಸಾಲಾಗಿ ನಿಂತಿರುವುದನ್ನು ಈಗಲೂ ಕಾಣಬಹುದು, ಎಷ್ಟೋ ಮೂರ್ತಿಗಳ ಕುತ್ತಿಗೆಗೆ ಪುಟ್ಟ ಮಕ್ಕಳಿಗೆ ಕಟ್ಟುವಂಥ ಕೆಂಪು ಬಟ್ಟೆ ಬೇರೆ. ಹೊಸ ವರ್ಷದ ಹಿಂದಿನ ದಿನ ಬಡ ಅಜ್ಜ ಪೇಟೆಗೆ ಹೋಗಿ ಟೋಪಿ ಮಾರಲು ನೋಡುತ್ತಾನೆ. ಒಂದೂ ಹೋಗುವುದಿಲ್ಲ. ವಾಪಸು ಬರುವಾಗ ಹಿಮ ಸುರಿಯುತ್ತಿದೆ, ದಾರಿಯಲ್ಲಿ ಆರು ಜಿಜೊಗಳು ತಲೆ ಮೇಲೆ ಹಿಮ ಹೊತ್ತು ನಿಂತಿವೆ. ಅಜ್ಜ ಹಿಮ ಒರೆಸಿ ಒಂದೊಂದಕ್ಕೂ ಟೋಪಿ ಹಾಕುತ್ತಾನೆ. ಟೋಪಿ ಇದ್ದದ್ದು ಐದು. ಆರನೆಯದಕ್ಕೆ ತನ್ನ ತಲೆಗೆ ಕಟ್ಟಿದ್ದ ಹಳೇ ಬಟ್ಟೆ ಬಿಚ್ಚಿ ಕಟ್ಟುತ್ತಾನೆ. ಆ ರಾತ್ರಿ ಏನೋ ಎಳೆದು ತರುವ ಸದ್ದು. ಬಾಗಿಲು ತೆಗೆದರೆ ಅಕ್ಕಿ, ಹಬ್ಬದ ತಿಂಡಿ ರಾಶಿ ಬಿದ್ದಿದೆ. ದೂರದಲ್ಲಿ ಟೋಪಿ ಹಾಕಿದ ಐವರು, ಬಟ್ಟೆ ಕಟ್ಟಿದ ಒಬ್ಬ ನಡೆದು ಹೋಗುತ್ತಿದ್ದಾರೆ.

ನನ್ನ ನೋಟ್‌ಬುಕ್ಕಿನ ಅಂಕಣದ ಪ್ರಕಾರ ಇದನ್ನು ಮಲೆನಾಡಿಗೆ ತರುವುದು ಸುಲಭ. ಹಿಮದ ಬದಲು ಆಷಾಢದ ಮಳೆ, ಟೋಪಿಯ ಬದಲು ಮಳೆಗೆ ತಲೆ ಮೇಲೆ ಹೊದೆಯುವ ಗೊರಬು, ಜಿಜೊ ಬದಲು ಊರಾಚೆಯ ಬನದ ದೇವರ ಕಲ್ಲುಗಳು. ಖುಷಿಯಿಂದ ಬರೆದು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಹೂಬತ್ತಿ ಹೊಸೆಯುತ್ತ ಕೇಳಿಸಿಕೊಂಡಳು. ಮುಗಿದ ಮೇಲೆ ಒಂದೇ ಮಾತು: "ದೇವರಿಗೆ ಮಳೆ ಬೇಡ ಅಂತ ನಿಂಗೆ ಯಾರು ಹೇಳಿದ್ರೇ?"

ಸುಮ್ಮನಾದೆ. ನಮ್ಮ ಕಡೆ ಎಷ್ಟೋ ಬನದ ದೇವರಿಗೆ ಮಾಡು ಕಟ್ಟುವ ಹಾಗೇ ಇಲ್ಲ. ಕೊಕ್ಕಡದ ಹತ್ತಿರ ಸೌತಡ್ಕದ ಗಣಪತಿಯನ್ನೇ ನೋಡಿ, ಗೋಡೆಯೂ ಇಲ್ಲ, ಚಾವಣಿಯೂ ಇಲ್ಲ, ಬಯಲಲ್ಲಿ ಮಳೆ ಬಿಸಿಲು ಎಲ್ಲ ತಾನೇ ಉಂಡು ಕೂತಿದ್ದಾನೆ. ಅಂಥವನ ತಲೆಗೆ ಗೊರಬು ಇಟ್ಟರೆ ಅದು ಕರುಣೆಯಲ್ಲ, ಅಧಿಕಪ್ರಸಂಗ. ಜಿಜೊ ಮಗುವಿನಂತೆ ಚಳಿಯಲ್ಲಿ ನಡುಗುವ ದೇವರು, ಅದಕ್ಕೇ ಅಜ್ಜನ ಕರುಳು ಚುರ್ ಅನ್ನುವುದು. ನಮ್ಮ ಬನದ ದೇವರು ಕಂಡರೆ ಕರುಳು ಚುರ್ ಅನ್ನಲ್ಲ, ಕೈ ತಾನಾಗಿ ಮುಗಿಯುತ್ತದೆ. ನಾನು ಹಿಮವನ್ನು ಮಳೆ ಮಾಡಿದೆ, ಟೋಪಿಯನ್ನು ಗೊರಬು ಮಾಡಿದೆ, ಕಥೆಯ ಜೀವ ಎಲ್ಲಿತ್ತು ಅಂತ ನೋಡಲೇ ಇಲ್ಲ.

ಆ ಸೋಲಿನಿಂದ ಒಂದು ಮಾತ್ರ ಕೈಗೆ ಹತ್ತಿತು: ಐದು ಟೋಪಿ. ಆರು ಮೂರ್ತಿಗೆ ಆರು ಟೋಪಿ ಇದ್ದಿದ್ದರೆ ಈ ಕಥೆಯನ್ನು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ ಅಲ್ವಾ? ಮಾರದೆ ಉಳಿದ ಸರಕನ್ನು ಕೊಟ್ಟದ್ದು ದೊಡ್ಡದಲ್ಲ. ಒಂದು ಕಡಿಮೆ ಬಿತ್ತಲ್ಲ, ಅಲ್ಲಿಂದ ಕಥೆ ಶುರು.

ಆಮೇಲೆ ಓದುವ ರೀತಿ ಬದಲಾಯಿಸಿದೆ. ಇದನ್ನು ನನಗೆ ಕಲಿಸಿದವಳು ಕೊಯಿಜುಮಿ ಸೆತ್ಸು. ಲಾಫ್‌ಕಾಡಿಯೊ ಹರ್ನ್ ಹೆಸರು ಕೇಳಿರಬಹುದು. ಗ್ರೀಸಿನ ದ್ವೀಪವೊಂದರಲ್ಲಿ ಹುಟ್ಟಿ, ಎಲ್ಲೆಲ್ಲೋ ಬೆಳೆದು, 1890ರಲ್ಲಿ ಜಪಾನಿಗೆ ಬಂದು ಅಲ್ಲೇ ನಿಂತವನು. 1904ರಲ್ಲಿ ಬಂದ ಅವನ ದೆವ್ವದ ಕಥೆಗಳ ಪುಸ್ತಕವನ್ನು ಈಗಲೂ ಜಗತ್ತು ಓದುತ್ತದೆ. ಆ ಕಥೆಗಳಲ್ಲಿ ಎಷ್ಟೋ ಅವನಿಗೆ ಸಿಕ್ಕಿದ್ದು ಹೆಂಡತಿ ಸೆತ್ಸುವಿನ ಬಾಯಿಂದ. ಅವನಿಗೆ ಜಪಾನಿ ಓದಲು ಅಷ್ಟಾಗಿ ಬರುತ್ತಿರಲಿಲ್ಲ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಇಬ್ಬರೂ ಸೇರಿ ಮುರುಕು ಜಪಾನಿಯಲ್ಲಿ ತಮ್ಮದೇ ಒಂದು ಮನೆಮಾತು ಮಾಡಿಕೊಂಡಿದ್ದರು. ಅವಳು ಹಳೇ ಪುಸ್ತಕಗಳನ್ನು ಹುಡುಕಿ ತಂದು ಓದಿಕೊಳ್ಳುತ್ತಿದ್ದಳು. ರಾತ್ರಿ ದೀಪದ ಬತ್ತಿ ತಗ್ಗಿಸಿ ಹೇಳಲು ಕೂರುತ್ತಿದ್ದಳು. ಆದರೆ ಪುಸ್ತಕ ನೋಡಿಕೊಂಡು ಹೇಳುವ ಹಾಗಿರಲಿಲ್ಲ. ನಿನ್ನ ಮಾತಿನಲ್ಲಿ ಹೇಳು, ನಿನಗೆ ಅನಿಸಿದ ಹಾಗೆ ಹೇಳು ಅಂತ ಅವನ ಹಟ. ಹಾಗಾಗಿ ಅವಳು ಕಥೆ ಪೂರ್ತಿ ತನ್ನದಾಗುವ ತನಕ ಓದಬೇಕಾಗುತ್ತಿತ್ತು. ಅದರ ಕನಸೂ ಬೀಳುತ್ತಿತ್ತು ಅಂತ ಅವಳೇ ನೆನಪಿಸಿಕೊಂಡಿದ್ದಾಳೆ. ಪುಸ್ತಕದ ಮೇಲೆ ಇರುವುದು ಅವನ ಹೆಸರು ಮಾತ್ರ. ಅದು ನನಗೆ ಸ್ವಲ್ಪ ಚುಚ್ಚುತ್ತದೆ, ಇರಲಿ.

ನಾನೂ ಹಾಗೇ ಮಾಡತೊಡಗಿದೆ. ಒಂದು ಕಥೆಯ ಎರಡು ಮೂರು ರೂಪ ಓದುವುದು. ಪುಸ್ತಕ ಮುಚ್ಚುವುದು. ಎರಡು ದಿನ ಬಿಟ್ಟು, ಬೆಳಿಗ್ಗೆ ಮಗಳಿಗೆ ಜಡೆ ಹಾಕುವಾಗ ಹೇಳುವುದು. ಅವಳಿಗೆ ಏಳು ವರ್ಷ. ತಲೆ ನನ್ನ ಕೈಯಲ್ಲಿ ಇರುವುದರಿಂದ ಎದ್ದು ಓಡುವಂತಿಲ್ಲ. ನೆನಪಿದ್ದದ್ದು ಬರುತ್ತದೆ, ಮರೆತಿದ್ದು ಬಿಟ್ಟುಹೋಗುತ್ತದೆ, ಮರೆತ ಕಡೆ ನಾನೇ ಏನೋ ಸೇರಿಸಿರುತ್ತೇನೆ. ಆ ಸೇರಿಸಿದ್ದೇ ನನಗೆ ಬೇಕಾದದ್ದು. ನೋಟ್‌ಬುಕ್ಕಿನಲ್ಲಿ ಈಗ ಅಷ್ಟನ್ನು ಮಾತ್ರ ಬರೆದಿಡುತ್ತೇನೆ.

ಬಾಯಲ್ಲಿ ಹೇಳತೊಡಗಿದ ಮೇಲೆ ಇನ್ನೊಂದು ಗೊತ್ತಾಯಿತು. ಜಪಾನಿನ ಹಳ್ಳಿಗಳಲ್ಲಿ ಕಥೆ ಹೇಳುವವರು ವಾಕ್ಯದ ಕೊನೆಯಲ್ಲಿ 'ತೊ ಸಾ' ಅಂತಲೋ 'ಸೋ ನಾ' ಅಂತಲೋ ಸೇರಿಸುತ್ತಾರೆ. ನಾನು ಕಂಡಿದ್ದಲ್ಲಪ್ಪಾ, ಯಾರೋ ಹೇಳಿದ್ದು ಅಂತ ಅರ್ಥ. ನಮ್ಮ 'ಅಂತೆ' ತಾನೇ ಅದು! ಒಬ್ಬ ರಾಜ ಇದ್ದನಂತೆ, ಅವನಿಗೆ ಏಳು ಜನ ಹೆಂಡಿರಂತೆ. ಇಂಗ್ಲಿಷಿನಲ್ಲಿ ಇದನ್ನು ಪ್ರತಿ ವಾಕ್ಯಕ್ಕೂ ತರಲು ಹೋದರೆ ಪೊಲೀಸ್ ಹೇಳಿಕೆ ಥರ ಆಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೇ ಬರುತ್ತದೆ, ಅದರ ಬಾಲಕ್ಕೆ 'ಅಂತೆ' ಕೂತುಕೊಳ್ಳುತ್ತದೆ, ಅವರಲ್ಲೂ ಹಾಗೇ. ಇದಕ್ಕೆ ನಾನೇನೂ ಕಷ್ಟಪಡಬೇಕಾಗಲಿಲ್ಲ.

ಹೀಗೇ ಒಂದೊಂದೇ ಶಬ್ದ ಸಿಗುತ್ತ ಹೋಯಿತು. ಮೊಮೊತಾರೊ, ಅಂದರೆ ಪೀಚ್ ಹಣ್ಣಿನಿಂದ ಹುಟ್ಟಿದ ಹುಡುಗ, ರಾಕ್ಷಸರ ದ್ವೀಪಕ್ಕೆ ಹೊರಡುವಾಗ ಅಜ್ಜಿ ಬುತ್ತಿ ಕಟ್ಟಿಕೊಡುತ್ತಾಳೆ. 'ಕಿಬಿ ದಾಂಗೊ'. ಇಂಗ್ಲಿಷಿನಲ್ಲಿ 'ಮಿಲೆಟ್ ಡಂಪ್ಲಿಂಗ್'. ಈ ಕಿಬಿ ಯಾವ ಮಿಲೆಟ್ ಅಂತ ಹುಡುಕಿದರೆ ಅದು ಬರಗು! ಬರಗಿನ ಉಂಡೆ ಕಟ್ಟಿಕೊಂಡು ಹುಡುಗ ಹೊರಟ. ದಾರಿಯಲ್ಲಿ ನಾಯಿಗೊಂದು, ಮಂಗನಿಗೊಂದು, ಕಾಡುಕೋಳಿಯಂಥ ಹಕ್ಕಿಗೊಂದು ಕೊಟ್ಟು ದಂಡು ಕಟ್ಟಿದ. ಇನ್ನೊಂದು ಕಥೆಯಲ್ಲಿ ಮೊಲವೊಂದು ತನುಕಿ ಎಂಬ ಪ್ರಾಣಿಯ ಹಿಂದೆ ನಡೆಯುತ್ತ, ಅದು ಹೊತ್ತ ಸೌದೆಗೆ ಬೆಂಕಿ ಹಚ್ಚಲು ಕಲ್ಲು ಕುಟ್ಟುತ್ತದೆ. 'ಕಚಿ ಕಚಿ'. ಅದೇನು ಸದ್ದು ಅಂತ ತನುಕಿ ಕೇಳಿದರೆ, ಇದು ಕಚಿಕಚಿ ಗುಡ್ಡ ಅಲ್ವಾ, ಇಲ್ಲಿ ಕಚಿಕಚಿ ಹಕ್ಕಿ ಕೂಗುತ್ತೆ ಅನ್ನುತ್ತದೆ ಮೊಲ. ನಮ್ಮಲ್ಲಿ ಬೆಂಕಿ ಕಲ್ಲಿಗೇ ಚಕಮಕಿ ಅಂತ ಹೆಸರು. ಚಕಮಕಿ ಗುಡ್ಡದ ಚಕಮಕಿ ಹಕ್ಕಿ. ಹೇಳಿ ಮಾಡಿಸಿದ ಹಾಗಿದೆ.

ತನುಕಿಗೆ ಮಾತ್ರ ಕನ್ನಡ ಸಿಗಲಿಲ್ಲ. ನಾಯಿಯ ಬಳಗದ, ಮುಖಕ್ಕೆ ಮಸಿ ಬಳಿದಂತಿರುವ, ಗುಂಡಗಿನ ಪ್ರಾಣಿ. ನರಿ ಅನ್ನೋಣ ಎಂದರೆ ಅವರಲ್ಲಿ ನರಿಯಂಥದ್ದು ಬೇರೆಯೇ ಇದೆ, 'ಕಿತ್ಸುನೆ'. ನರಿಗೆ ಏಳು ವೇಷ, ತನುಕಿಗೆ ಎಂಟು ಅಂತ ಅವರದ್ದೊಂದು ಗಾದೆ. ಎರಡನ್ನೂ ನರಿ ಮಾಡಿದರೆ ಗಾದೆಯೇ ಬಿದ್ದುಹೋಗುತ್ತದೆ. ಕೊನೆಗೆ ತನುಕಿಯನ್ನು ತನುಕಿ ಅಂತಲೇ ಬಿಟ್ಟೆ. ಮಗಳು ಒಂದು ಸಲವೂ ಹಾಗಂದರೇನು ಅಂತ ಕೇಳಲಿಲ್ಲ. ನಾವು ದೊಡ್ಡವರು ಸುಮ್ನೆ ಹೆದರುತ್ತೇವೆ.

ಪೀಚ್ ಹಣ್ಣಿನ ವಿಷಯದಲ್ಲಿ ಜಗಳವೇ ಆಯಿತು. ಅಜ್ಜಿ ಹೊಳೆಯಲ್ಲಿ ಬಟ್ಟೆ ಒಗೆಯುವಾಗ ದೊಡ್ಡ ಪೀಚ್ ತೇಲಿ ಬರುತ್ತದೆ, 'ದೊಂಬುರಾಕೊ, ದೊಂಬುರಾಕೊ' ಅಂತ. ಈ ಶಬ್ದ ಕೇಳಿದರೆ ಸಾಕು, ಜಪಾನಿನವರಿಗೆ ಆ ಹಣ್ಣು ಕಣ್ಣಿಗೆ ಬರುತ್ತದೆ. ನಮ್ಮ ಮಕ್ಕಳಿಗೆ ಪೀಚ್ ಅಂದರೆ ಸೂಪರ್‌ಮಾರ್ಕೆಟ್ಟಿನಲ್ಲಿ ಸ್ಟಿಕ್ಕರ್ ಅಂಟಿಸಿಕೊಂಡ ಹಣ್ಣು, ಒಳಗೆ ಮಗು ಹಿಡಿಸುವುದು ಹೇಗೆ? ಮಳೆಗಾಲದಲ್ಲಿ ನಮ್ಮೂರ ಹಳ್ಳದಲ್ಲಿ ಹಲಸಿನ ಹಣ್ಣು ತೇಲಿ ಬರುವುದನ್ನು ನಾನೇ ಕಂಡವಳು. ಹಲಸು ಮಾಡಿದೆ. ಮಗಳು ಜಡೆಯನ್ನು ಕೈಯಿಂದ ಬಿಡಿಸಿಕೊಂಡು ತಿರುಗಿದಳು.

"ಪಾಪುಗೆ ಮೇಣ ಅಂಟಲ್ವಾ ಅಮ್ಮಾ?"

ಅಂಟುತ್ತದೆ. ಎಣ್ಣೆ ಹಚ್ಚದೆ ಹೋಗಲ್ಲ. ಹಲಸು ಬಿಟ್ಟೆ, ಪೀಚ್ ಉಳಿಯಿತು. ಅದು ತೇಲುವ ಸದ್ದನ್ನು ಅವಳೇ ಕೊಟ್ಟಳು: 'ಗುಳುಂ ಬುಳುಂ, ಗುಳುಂ ಬುಳುಂ'. ದೊಂಬುರಾಕೊಗೆ ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಹೊಳೆಯುವುದಿಲ್ಲ.

ಇಷ್ಟೆಲ್ಲ ಕೈ ಹಾಕಬಹುದಾ, ಮೂಲಕ್ಕೆ ಅಪಚಾರ ಅಲ್ವಾ ಅಂತ ಮೊದಮೊದಲು ಅಳುಕಿತ್ತು. ಕಥೆಯ ಹಳೆಯ ಪಾಠಗಳನ್ನು, ಅಂದರೆ ಬೇರೆ ಬೇರೆ ರೂಪಗಳನ್ನು, ನೋಡಿದ ಮೇಲೆ ಹೋಯಿತು. ಮೊಮೊತಾರೊ ಹಣ್ಣಿನೊಳಗಿಂದ ಹುಟ್ಟಿದ ಅನ್ನುವುದೇ ಈಚಿನದು. ಎದೊ ಕಾಲದ, ಅಂದರೆ ಹದಿನೇಳರಿಂದ ಹತ್ತೊಂಬತ್ತನೇ ಶತಮಾನದ, ಎಷ್ಟೋ ಪುಸ್ತಕಗಳಲ್ಲಿ ಅಜ್ಜ ಅಜ್ಜಿ ಆ ಹಣ್ಣು ತಿಂದು ಮತ್ತೆ ಹರೆಯದವರಾಗುತ್ತಾರೆ, ಆಮೇಲೆ ಮಗು ಹುಟ್ಟುತ್ತದೆ, ಎಲ್ಲರಿಗೂ ಹುಟ್ಟುವ ಹಾಗೆ. ಮಕ್ಕಳಿಗೆ ಹೇಳಲು ಮುಜುಗರ ಆಗಿ ಯಾರೋ ಮಗುವನ್ನು ಹಣ್ಣಿನೊಳಗೆ ಇಟ್ಟರು ಅಂತ ಕಾಣುತ್ತದೆ. ಅದೇ ಹುಡುಗನನ್ನು ಯುದ್ಧದ ಕಾಲದಲ್ಲಿ ಸೇನೆಯ ಪ್ರಚಾರಕ್ಕೂ ಬಳಸಿದರು. 1945ರಲ್ಲಿ ಜಪಾನಿನ ನೌಕಾಪಡೆ ಮಾಡಿಸಿದ ಕಾರ್ಟೂನ್ ಚಿತ್ರದ ನಾಯಕ ಅವನೇ. ಅದಕ್ಕೂ ಇಪ್ಪತ್ತೊಂದು ವರ್ಷ ಮೊದಲು, 1924ರಲ್ಲಿ, ಅಕುತಾಗಾವಾ ಎಂಬ ಲೇಖಕ ಕಥೆಯನ್ನು ಬೋರಲು ಹಾಕಿದ್ದ. ಅವನ ಕಥೆಯಲ್ಲಿ ರಾಕ್ಷಸರು ತಮ್ಮ ಪಾಡಿಗೆ ತಾವು ಹಾಡಿಕೊಂಡು ಕುಣಿದುಕೊಂಡು ಇರುತ್ತಾರೆ. ಹೊಲದ ಕೆಲಸಕ್ಕೆ ಬೇಸರಪಟ್ಟ ಸೋಮಾರಿ ಮೊಮೊತಾರೊ ಬಂದು ಅವರನ್ನು ಕೊಲ್ಲುತ್ತಾನೆ. ಇವರೆಲ್ಲರ ಮುಂದೆ ನನ್ನ ಹಲಸಿನ ಹಣ್ಣು ಯಾವ ಲೆಕ್ಕ?

ನನ್ನನ್ನು ಜಾಸ್ತಿ ಕಾಡಿದ್ದು ಉರಾಶಿಮಾ. ಈಗ ಮಕ್ಕಳ ಪುಸ್ತಕದಲ್ಲಿ ಇರುವುದು ಹೀಗೆ: ಬೆಸ್ತರ ಹುಡುಗ, ಮಕ್ಕಳು ಪೀಡಿಸುತ್ತಿದ್ದ ಆಮೆಯನ್ನು ಬಿಡಿಸುತ್ತಾನೆ. ಆಮೆ ಅವನನ್ನು ಕಡಲಡಿಯ ಅರಮನೆಗೆ ಒಯ್ಯುತ್ತದೆ. ಅಲ್ಲಿ ರಾಜಕುಮಾರಿ ಓತೊಹಿಮೆ, ಹಾಡು, ಕುಣಿತ, ಊಟ. ಕೆಲವು ದಿನ ಇದ್ದು ಮನೆ ನೆನಪಾಗಿ ಹೊರಡುತ್ತಾನೆ. ಅವಳು ಒಂದು ಪೆಟ್ಟಿಗೆ ಕೊಟ್ಟು, ತೆರೆಯಬೇಡ ಅನ್ನುತ್ತಾಳೆ. ಊರಿಗೆ ಬಂದರೆ ನೂರಾರು ವರ್ಷ ಕಳೆದಿವೆ, ಗುರುತಿನವರು ಯಾರೂ ಇಲ್ಲ. ದಿಕ್ಕು ತೋಚದೆ ಪೆಟ್ಟಿಗೆ ತೆರೆಯುತ್ತಾನೆ. ಬಿಳೀ ಹೊಗೆ ಏಳುತ್ತದೆ. ಕ್ಷಣದಲ್ಲಿ ಮುದುಕನಾಗುತ್ತಾನೆ.

ನಮಗೆ ಇದು ಪೂರ್ತಿ ಹೊಸದಲ್ಲ. ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಒಂದು ಹಾಡು ಮುಗಿಯುವಷ್ಟು ಹೊತ್ತು ಕಾದು, ಅಷ್ಟರಲ್ಲಿ ಕೆಳಗೆ ಯುಗಗಳೇ ಕಳೆದುಹೋದ ಕಕುದ್ಮಿ ರಾಜನ ಕಥೆ ನಮ್ಮ ಪುರಾಣದಲ್ಲಿದೆ. ಆದರೆ ಕಕುದ್ಮಿಗೆ ಯಾರೂ ಪೆಟ್ಟಿಗೆ ಕೊಡುವುದಿಲ್ಲ. ನನ್ನ ತಲೆ ಕೊರೆದದ್ದು ಆ ಪೆಟ್ಟಿಗೆ. ತೆರೆಯಬಾರದ ಪೆಟ್ಟಿಗೆಯನ್ನು ಕೊಡುವುದಾದರೂ ಯಾಕೆ?

ಹಿಂದಕ್ಕೆ ಹೋದಷ್ಟೂ ಕಥೆ ಬೇರೆ ಆಗುತ್ತದೆ. 720ರಲ್ಲಿ ಮುಗಿದ ಅವರ ರಾಜಚರಿತ್ರೆಯಲ್ಲಿ ಈ ಉರಾಶಿಮಾ ಇದ್ದಾನೆ, ಅದೂ 478ನೇ ಇಸವಿಯ ಕೆಳಗೆ ನಡೆದ ಘಟನೆ ಎಂಬಂತೆ. ಅಲ್ಲಿ ಪೀಡಿಸುವ ಮಕ್ಕಳಿಲ್ಲ, ಬಿಡಿಸುವ ಪುಣ್ಯವಿಲ್ಲ. ಮೀನು ಹಿಡಿಯಲು ಹೋದವನಿಗೆ ಆಮೆ ಸಿಕ್ಕಿತು, ಆಮೆ ಹೆಣ್ಣಾಯಿತು, ಅವಳಿಗೆ ಮನಸೋತು ಹೆಂಡತಿ ಮಾಡಿಕೊಂಡ, ಇಬ್ಬರೂ ಕಡಲಿಗೆ ಹೋದರು. ಅಷ್ಟೇ. ಆಮೆಯೇ ರಾಜಕುಮಾರಿ! ಆಮೇಲೆ ಶತಮಾನಗಳು ಕಳೆದು ಬಂದ ಇನ್ನೊಂದು ಪಾಠದಲ್ಲಿ ಅವನು ಕಡಲಲ್ಲಿ ಇದ್ದದ್ದು ಮೂರು ವರ್ಷ, ನೆಲದ ಮೇಲೆ ಕಳೆದದ್ದು ಏಳು ನೂರು. ಪೆಟ್ಟಿಗೆ ತೆರೆದ ಮೇಲೆ ಕೊಕ್ಕರೆಯಾಗಿ ಹಾರಿಹೋಗುತ್ತಾನೆ, ಆಮೆ ಮತ್ತು ಕೊಕ್ಕರೆ ಮತ್ತೆ ಸೇರುತ್ತಾರೆ. ಮಕ್ಕಳ ಪುಸ್ತಕಕ್ಕೆ ಬರುವ ಹೊತ್ತಿಗೆ ಮದುವೆ ಬಿಟ್ಟುಹೋಯಿತು. ಗಂಡ ಹೆಂಡಿರ ಕಥೆ ಹೋಗಿ ಉಪಕಾರ ಪ್ರತ್ಯುಪಕಾರದ ಕಥೆ ಆಯಿತು. ಆದರೆ ಪೆಟ್ಟಿಗೆಯನ್ನು ಹಾಗೇ ಬಿಟ್ಟರು. ಹೆಂಡತಿ ಬಿಟ್ಟು ಹೋಗುವ ಗಂಡನಿಗೆ ಕೊಟ್ಟ ಪೆಟ್ಟಿಗೆ ಒಂದು, ಆತಿಥ್ಯ ಮುಗಿಸಿ ಹೊರಟ ನೆಂಟನಿಗೆ ಕೊಟ್ಟ ಪೆಟ್ಟಿಗೆ ಇನ್ನೊಂದು. ಅದಕ್ಕೇ ಈಗಿನ ಕಥೆ ಓದಿದರೆ ಎಲ್ಲೋ ಬಿರುಕು ಬಿಟ್ಟಂತೆ ಕಾಣುತ್ತದೆ.

ದಜೈ ಒಸಾಮು ಎಂಬ ಲೇಖಕ 1945ರಲ್ಲಿ, ನೆತ್ತಿಯ ಮೇಲೆ ಬಾಂಬು ಬೀಳುತ್ತಿದ್ದ ಕಾಲದಲ್ಲಿ, ಈ ಪ್ರಶ್ನೆಯನ್ನೇ ಹಿಡಿದ. ಬಾಂಬಿಗೆ ಅಂತ ತೋಡಿದ ಗುಂಡಿಯೊಳಗೆ ಕೂತು ಐದು ವರ್ಷದ ಮಗಳಿಗೆ ಚಿತ್ರಪುಸ್ತಕ ಓದುತ್ತಿರುವ ಅಪ್ಪ, ಬಾಯಲ್ಲಿ ಓದುತ್ತ ಮನಸ್ಸಿನಲ್ಲಿ ಬೇರೆಯೇ ಕಥೆ ಕಟ್ಟುತ್ತಾನೆ ಅಂತ ಅವನ ಪುಸ್ತಕ ಶುರುವಾಗುತ್ತದೆ. ಪೆಟ್ಟಿಗೆ ಶಿಕ್ಷೆಯಲ್ಲ, ಉಡುಗೊರೆಯೇ ಅಂತ ಅವನು ಹೇಳುತ್ತಾನೆ. ಯಾರೂ ಇಲ್ಲದ ಊರಿನಲ್ಲಿ ಹರೆಯದ ಹುಡುಗನಾಗಿ ಉಳಿಯುವುದಕ್ಕಿಂತ ಮುದುಕನಾಗಿ ಮರೆಯುವುದು ವಾಸಿ, ಅವಳಿಗೆ ಅದು ಗೊತ್ತಿತ್ತು. ಓದಿ ಎರಡು ದಿನ ನನಗೆ ಬೇರೇನೂ ಬರೆಯಲು ಆಗಲಿಲ್ಲ. ಅವನು ಕಥೆಯ ಊರು ಬದಲಿಸಲಿಲ್ಲ, ಹೆಸರು ಬದಲಿಸಲಿಲ್ಲ, ತಿರುವನ್ನೂ ಮುಟ್ಟಲಿಲ್ಲ. ಕಥೆ ಉತ್ತರ ಕೊಡದೆ ಬಿಟ್ಟ ಜಾಗದಲ್ಲಿ ಹೋಗಿ ಕೂತ, ಅಷ್ಟೇ. ನನ್ನ ನೋಟ್‌ಬುಕ್ಕಿನಲ್ಲಿ ಅಂಥದ್ದಕ್ಕೆ ಅಂಕಣವೇ ಇರಲಿಲ್ಲ.

ಉರಾಶಿಮಾನ ಕಥೆ ನಾನು ಬರೆಯುವುದಿಲ್ಲ. ದಜೈ ಮುಗಿಸಿಬಿಟ್ಟಿದ್ದಾನೆ.

ನಾನು ಈಗ ಹಿಡಿದಿರುವುದು ಬೇರೆ. ಹನ್ನೆರಡನೇ ಶತಮಾನದ ಹೊತ್ತಿಗೆ ಜಪಾನಿನಲ್ಲಿ 'ಕೊಂಜಾಕು' ಎಂಬ ಭಾರೀ ಕಥಾಸಂಗ್ರಹ ಒಂದು ಸಿದ್ಧವಾಗಿತ್ತು. ಒಟ್ಟು 31 ಸಂಪುಟ, ಮೊದಲ 5 ಸಂಪುಟದ ಹೆಸರೇ 'ತೆಂಜಿಕು', ಅಂದರೆ ಭಾರತ. ಬೌದ್ಧ ಗ್ರಂಥಗಳ ಜೊತೆ ಚೀನಾ ಸುತ್ತಿ ಹೋದ ಕಥೆಗಳು. ಮರದ ಮೇಲೆ ಹೃದಯ ಬಿಟ್ಟು ಬಂದಿದ್ದೇನೆ ಎಂದು ಮೊಸಳೆಗೆ ಟೋಪಿ ಹಾಕಿದ ನಮ್ಮ ಮಂಗ ಅಲ್ಲಿದ್ದಾನೆ, ಮೊಸಳೆ ಮಾತ್ರ ಆಮೆಯಾಗಿದೆ. ಹಾಗೇ ಓದುತ್ತ ಹೋದಾಗ ಐದನೇ ಸಂಪುಟದಲ್ಲಿ ತಲೆಯಲ್ಲಿ ಒಂದೇ ಕೊಂಬಿರುವ ಋಷಿ ಸಿಕ್ಕಿದ. 'ಇಕ್ಕಾಕು ಸೆನ್ನಿನ್'. ಹೆಸರಿನ ಅರ್ಥವೇ ಒಂಟಿಕೊಂಬಿನ ಋಷಿ.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಋಷ್ಯಶೃಂಗ! ಶೃಂಗೇರಿಯ ಹೆಸರೇ ಅವನಿಂದ ಬಂತು ಅನ್ನುತ್ತಾರೆ. ಅಲ್ಲಿಂದ ಸ್ವಲ್ಪ ದೂರದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ಗುಡಿ ಇದೆ. ಮಳೆ ಕೈಕೊಟ್ಟ ವರ್ಷ ಎಲ್ಲೆಲ್ಲಿಂದಲೋ ಜನ ಅಲ್ಲಿಗೆ ಪೂಜೆಗೆ ಬರುತ್ತಾರೆ. ನಾನು ಚಿಕ್ಕವಳಿದ್ದಾಗ ಅಪ್ಪನ ಕೈ ಹಿಡಿದು ಹೋದ ಗುಡಿ.

ನಮ್ಮ ಕಥೆಯಲ್ಲಿ ಹೆಣ್ಣನ್ನೇ ಕಾಣದೆ ಬೆಳೆದ ಋಷ್ಯಶೃಂಗ ಕಾಲಿಟ್ಟಲ್ಲಿ ಮಳೆ. ಬರಗಾಲ ಬಿದ್ದ ಅಂಗರಾಜ್ಯದ ರೋಮಪಾದ ಹೆಂಗಸರನ್ನು ಕಳಿಸಿ ಅವನನ್ನು ಮರುಳು ಮಾಡಿ ಕರೆಸಿಕೊಳ್ಳುತ್ತಾನೆ. ಜಪಾನಿನ ಪಾಠದಲ್ಲೂ ಹೆಂಗಸರು ಬರುತ್ತಾರೆ, ಮಳೆ ಬರುತ್ತದೆ. ಆದರೆ ಮಳೆ ನಿಂತದ್ದು ಯಾಕೆ ಅನ್ನುವಲ್ಲಿ ದಾರಿ ಬೇರೆ. ಆ ಋಷಿ ಮಳೆಯಲ್ಲಿ ಬೆಟ್ಟದ ದಾರಿಯಲ್ಲಿ ನಡೆಯುತ್ತಿದ್ದನಂತೆ. ಕಾಲು ಜಾರಿ ಬಿದ್ದನಂತೆ. ಸಿಟ್ಟು ಬಂದು, ಮಳೆ ಸುರಿಸುವ ನಾಗರಾಜರನ್ನೆಲ್ಲ ಹಿಡಿದು ಒಂದು ಹೂಜಿಯೊಳಗೆ ತುಂಬಿ ಮುಚ್ಚಿಬಿಟ್ಟನಂತೆ.

ಜಾರಿ ಬಿದ್ದ ಅನ್ನುವುದು ನನ್ನನ್ನು ಬಿಡುತ್ತಿಲ್ಲ. ತಪಸ್ಸು ಮಾಡಿ ಗಾಳಿಯಲ್ಲಿ ಹಾರುವ ಶಕ್ತಿ ಇದ್ದವನು, ಪಾಚಿ ಮೇಲೆ ಕಾಲಿಟ್ಟು ಬಿದ್ದ. ಯಾರಾದರೂ ನೋಡಿದರೋ ಏನೋ ಅಂತ ಸುತ್ತ ನೋಡಿರಬೇಕು. ಶ್ರಾವಣದಲ್ಲಿ ನಮ್ಮ ಅಂಗಳದಲ್ಲಿ ಜಾರಿ ಬಿದ್ದ ಯಾರನ್ನೇ ಕೇಳಿ, ಆ ಗಳಿಗೆಯಲ್ಲಿ ಕೈಗೊಂದು ಹೂಜಿ ಸಿಕ್ಕಿದ್ದರೆ ಅವರೂ ಮಳೆಯನ್ನು ತುಂಬಿಡುತ್ತಿದ್ದರು. ಇಲ್ಲಿಂದ ಹೋದ ಕಥೆ ಇದು, ಆದರೆ ನಾನು ಬೆಳೆಯುತ್ತ ಕೇಳಿದ ಋಷ್ಯಶೃಂಗ ಎಲ್ಲೂ ಜಾರಿ ಬಿದ್ದವನಲ್ಲ. ಅದನ್ನು ಓದಲು ನಾನು ಜಪಾನಿಗೆ ಹೋಗಬೇಕಾಯಿತು.

ಮೊದಲ ಪುಟ ಆಗಿದೆ. ಋಷಿ ಬೀಳುತ್ತಾನೆ, ಮೊಣಕೈ ತರಚುತ್ತದೆ, ಜಪದ ಲೆಕ್ಕ ತಪ್ಪುತ್ತದೆ, ಎಷ್ಟರಲ್ಲಿದ್ದೆ ಅಂತ ಮರೆತುಹೋಗುತ್ತದೆ. ಮೊನ್ನೆ ಊರಿಗೆ ಹೋದಾಗ ಅಮ್ಮನಿಗೆ ಓದಿ ಹೇಳಿದೆ. ಈ ಸಲ, ಕಾಲು ಜಾರದಿರಲಿ ಅಂತ ಅಡಿಕೆ ಮರದ ದಬ್ಬೆ ಹಾಸಿದ ಅಂಗಳದ ಕಡೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅವ್ನಿಗೆ ದಬ್ಬೆ ಹಾಕ್ಕೊಡೋರು ಯಾರೂ ಇರ್ಲಿಲ್ಲ ಅಲ್ವೇನೇ, ಪಾಪ" ಅಂದಳು.

ಎರಡನೇ ಪುಟ ಅಲ್ಲಿಂದ ಶುರು ಮಾಡಿದ್ದೇನೆ.